ಹಳೆಯ ಆರ್ಕೇಡ್ ಯಂತ್ರದಲ್ಲಿ ಫ್ಯೂಸ್ ನಿಲ್ಲುತ್ತಿಲ್ಲವೇ? ಕರಾವಳಿಯವರಿಗೊಂದು ರಿಪೇರಿ ಮಾರ್ಗದರ್ಶಿ

ಕಾರವಾರದಿಂದ ಭಟ್ಕಳದವರೆಗಿನ ಹೆದ್ದಾರಿ ಬದಿಯ ಹಳೆಯ ಹೋಟೆಲುಗಳಲ್ಲಿ, ಗೋಕರ್ಣದ ಯಾವುದೋ ತಂಗುಮನೆಯ ಜಗಲಿಯಲ್ಲಿ, ಶಿರಸಿಯ ಅಡಿಕೆ ಗೋದಾಮಿನ ಮೂಲೆಯಲ್ಲಿ ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್ ಯಂತ್ರಗಳು ಇನ್ನೂ ಒಂದೊಂದು ಉಳಿದಿವೆ. ಎಂಬತ್ತು, ತೊಂಬತ್ತರ ದಶಕದ ಈ ಆರ್ಕೇಡ್ ಯಂತ್ರಗಳನ್ನು ಈಗ ಮತ್ತೆ ಹುಡುಕಿಕೊಂಡು ಬರುವವರಿದ್ದಾರೆ. ಧೂಳು ಒರೆಸಿ, ಪ್ಲಗ್ ಹಾಕಿ, ಆಸೆಯಿಂದ ಸ್ವಿಚ್ ಒತ್ತುತ್ತಾರೆ. ಒಳಗೆಲ್ಲೋ ‘ಟಪ್’ ಎಂದು ಸಣ್ಣ ಸದ್ದು. ಫ್ಯೂಸ್ ಹೋಯಿತು. ಹೊಸದು ಹಾಕಿದರೆ ಅದೂ ಹೋಯಿತು. ಅಲ್ಲಿಂದ ಮುಂದಿನ ಕೆಲಸದ ಬಗ್ಗೆ ಈ ಲೇಖನ.

ಕೆಲಸಕ್ಕೆ ಮೊದಲು ಎರಡು ನಿಯಮ. ಹೋದ ಫ್ಯೂಸನ್ನು ಎಸೆಯಬೇಡಿ. ಅದರಷ್ಟು ಮಾಹಿತಿ ಬೇರೆ ಯಾವ ಬಿಡಿಭಾಗವೂ ಕೊಡುವುದಿಲ್ಲ. ಬರೆದಿರುವುದಕ್ಕಿಂತ ಹೆಚ್ಚು ಆಂಪಿನ ಫ್ಯೂಸನ್ನು, ತಾಮ್ರದ ತಂತಿಯನ್ನು, ಸಿಗರೇಟು ಪ್ಯಾಕಿನ ಬೇಗಡೆಯನ್ನು ಯಾವ ಕಾರಣಕ್ಕೂ ಹಾಕಬೇಡಿ. ಕುಮಟಾದ ಹೋಟೆಲ್ ಮಾಲೀಕರೊಬ್ಬರು ಒಮ್ಮೆ ನನ್ನೊಡನೆ, “ಮಾರಾಯರೇ, ಈ ಐದು ಆಂಪಿನದು ಎರಡು ದಿನ ನಿಲ್ಲುವುದಿಲ್ಲ, ಹತ್ತರದ್ದು ಹಾಕಿಬಿಡಿ, ನೋಡಿಕೊಳ್ಳೋಣ” ಎಂದಿದ್ದರು. ಹತ್ತರದ್ದು ಹಾಕಿದ್ದರೆ ಅದು ನಿಲ್ಲುತ್ತಿತ್ತು, ಅದರ ಬದಲು ಟ್ರಾನ್ಸ್‌ಫಾರ್ಮರ್ ಹೋಗುತ್ತಿತ್ತು. ಫ್ಯೂಸಿಗೆ ಕೆಲವೇ ರೂಪಾಯಿ. ಆ ಟ್ರಾನ್ಸ್‌ಫಾರ್ಮರನ್ನು ಇಂದು ಯಾರೂ ತಯಾರಿಸುವುದಿಲ್ಲ; ಹುಡುಕಿ ಸುತ್ತಿಸಿಕೊಳ್ಳಬೇಕು. ಜತೆಗೆ ಇವೆಲ್ಲ ಪ್ಲೈವುಡ್, ಚಿಪ್‌ಬೋರ್ಡಿನ ಪೆಟ್ಟಿಗೆಗಳು. ಬೆಂಕಿ ಹಿಡಿದರೆ ಮನೆಗೇ ಅಪಾಯ.

ಕೈ ಹಾಕುವ ಮುನ್ನ

ಪ್ಲಗ್ ಕಿತ್ತು, ಕಣ್ಣಿಗೆ ಕಾಣುವ ಕಡೆ ಇಟ್ಟುಕೊಳ್ಳಿ. ಸ್ವಿಚ್ ಆರಿಸಿದರೆ ಸಾಲದು. ಹಳೆಯ ಮನೆಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದು ಸಾಮಾನ್ಯ. ಆಗ ಸ್ವಿಚ್ ಆರಿದ್ದರೂ ಒಳಗಿನ ತಂತಿಯಲ್ಲಿ ಫೇಸ್ ಇದ್ದೇ ಇರುತ್ತದೆ.

ಪ್ಲಗ್ ಕಿತ್ತ ಮೇಲೂ ಎರಡು ಕಡೆ ವಿದ್ಯುತ್ ಉಳಿದಿರುತ್ತದೆ. ಮೊದಲನೆಯದು ಪಿಕ್ಚರ್ ಟ್ಯೂಬ್. ಬಣ್ಣದ ಟ್ಯೂಬಿನ ಮೇಲಿನ ರಬ್ಬರ್ ಬಟ್ಟಲಿನ ಕೆಳಗೆ 20 ಸಾವಿರ ವೋಲ್ಟಿಗೂ ಮೇಲಿರುತ್ತದೆ, ಯಂತ್ರ ಆರಿಸಿದ ಮೇಲೂ ಬಹಳ ಹೊತ್ತು ಉಳಿಯಬಲ್ಲದು. ಫ್ಯೂಸ್ ಹುಡುಕುವ ಕೆಲಸಕ್ಕೆ ಅದನ್ನು ಮುಟ್ಟುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ, ಆದ್ದರಿಂದ ಮುಟ್ಟಬೇಡಿ. ಟ್ಯೂಬಿನ ಹಿಂದಿನ ಸಣ್ಣ ಕುತ್ತಿಗೆಗೆ ಮೊಣಕೈ ತಾಗದಂತೆಯೂ ನೋಡಿಕೊಳ್ಳಿ, ಅದು ಮುರಿದರೆ ಮಾನಿಟರಿನ ಕಥೆ ಮುಗಿಯಿತು. ಎರಡನೆಯದು ದೊಡ್ಡ ಕೆಪಾಸಿಟರುಗಳು. 230 ವೋಲ್ಟಿನಲ್ಲಿ ಓಡುವ ಎಸ್‌ಎಂಪಿಎಸ್ (ದೊಡ್ಡ ಟ್ರಾನ್ಸ್‌ಫಾರ್ಮರ್ ಬದಲು ಬರುವ ಸ್ವಿಚಿಂಗ್ ಪವರ್ ಸಪ್ಲೈ) ಒಳಗೆ ಸುಮಾರು 325 ವೋಲ್ಟ್ ಡಿಸಿ ಕೂತಿರುತ್ತದೆ. 2.2 ಕಿಲೊಓಮ್, 10 ವಾಟಿನ ರೆಸಿಸ್ಟರಿನ ಎರಡು ತುದಿಗೂ ಇನ್ಸುಲೇಷನ್ ಇರುವ ತಂತಿ ಬೆಸೆದಿಟ್ಟುಕೊಂಡರೆ ಇವನ್ನು ಕಿಡಿ ಹಾರಿಸದೆ ಖಾಲಿ ಮಾಡಬಹುದು. ಆಮೇಲೆ ಮೀಟರಿನಲ್ಲಿ ಅಳೆದು, ಸೊನ್ನೆ ಬಂದ ಮೇಲೆಯೇ ಬೆರಳು ಹಾಕಿ.

ಒದ್ದೆ ಕಾಲು, ಒದ್ದೆ ಸಿಮೆಂಟ್ ನೆಲ, ಬರಿಗಾಲು ಇದ್ದಾಗ ಈ ಕೆಲಸ ಬೇಡವೇ ಬೇಡ. ಜುಲೈ ತಿಂಗಳಿನಲ್ಲಿ ನಮ್ಮ ಕಡೆ ಒಣ ನೆಲ ಸಿಗುವುದು ಕಷ್ಟ ಎಂದು ಗೊತ್ತು. ರಬ್ಬರ್ ಚಾಪೆ ಹಾಸಿಕೊಳ್ಳಿ, ಚಪ್ಪಲಿ ಮೆಟ್ಟಿಕೊಳ್ಳಿ.

ಯಂತ್ರ ಎಷ್ಟು ವೋಲ್ಟಿನದು?

ನಮ್ಮಲ್ಲಿ ಹೋಗುವ ಫ್ಯೂಸುಗಳಲ್ಲಿ ಬಹಳಷ್ಟಕ್ಕೆ ಕಾರಣ ಇಲ್ಲಿಯೇ ಸಿಗುತ್ತದೆ. ಈ ಯಂತ್ರಗಳು ಹುಟ್ಟಿದ್ದು ಜಪಾನಿನಲ್ಲಿ ಅಥವಾ ಅಮೆರಿಕದಲ್ಲಿ. ಜಪಾನಿನ ಮನೆಬಳಕೆಯ ವಿದ್ಯುತ್ತು 100 ವೋಲ್ಟ್, ಅಮೆರಿಕದ್ದು 120. ನಮ್ಮದು 230 ವೋಲ್ಟ್, 50 ಹರ್ಟ್ಸ್. ಯಂತ್ರದ ಹಿಂಬದಿಯ ತಗಡಿನ ಪಟ್ಟಿಯನ್ನೂ ಟ್ರಾನ್ಸ್‌ಫಾರ್ಮರಿನ ಮೇಲಿನ ಚೀಟಿಯನ್ನೂ ಓದಿ. ಚೀಟಿಯ ಮೇಲೆ 100, 110, 120, 220 ಎಂದು ಹಲವು ಟ್ಯಾಪ್‌ಗಳಿದ್ದರೆ (ಬೇರೆ ಬೇರೆ ವೋಲ್ಟಿಗೆ ತಂತಿ ಜೋಡಿಸುವ ತುದಿಗಳು) ತಂತಿ ಯಾವುದಕ್ಕೆ ಬೆಸೆದಿದೆ ಎಂದು ಕಣ್ಣಾರೆ ನೋಡಿ. ಹಿಂದಿನ ಮಾಲೀಕರ ಮಾತನ್ನು ನಂಬಿ ಪ್ಲಗ್ ಹಾಕಬೇಡಿ.

230ನ್ನು ತಗ್ಗಿಸಿ ಕೊಡುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡಿದ್ದರೆ ಇನ್ನೂ ಮೂರು ಸಂಗತಿ ಗಮನಿಸಬೇಕು. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 110 ವೋಲ್ಟಿನದು. 100 ವೋಲ್ಟಿನ ಜಪಾನಿ ಯಂತ್ರಕ್ಕೆ ಅದು ಶೇ. 10ರಷ್ಟು ಹೆಚ್ಚಾಯಿತು. ಅಗ್ಗದ ಸ್ಟೆಪ್‌ಡೌನ್‌ಗಳು ಆಟೊ ಟ್ರಾನ್ಸ್‌ಫಾರ್ಮರುಗಳಾಗಿರುತ್ತವೆ, ಅಂದರೆ ಒಳಬರುವ, ಹೊರಹೋಗುವ ಎರಡು ಬದಿಗೂ ತಂತಿಯ ಸುತ್ತು ಒಂದೇ. ಗೋಡೆಯ ವಿದ್ಯುತ್ತಿನಿಂದ ಅವು ಯಂತ್ರವನ್ನು ಬೇರ್ಪಡಿಸುವುದಿಲ್ಲ. ಹಳೆಯ ಮಾನಿಟರುಗಳ ಲೋಹದ ಚಾಸಿಗೆ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಇಲ್ಲದಿದ್ದರೆ ಚಾಸಿಯಲ್ಲೇ ಕರೆಂಟ್ ಇರುತ್ತದೆ. ಮೂರನೆಯದು ಹರ್ಟ್ಸಿನ ವಿಷಯ. ಜಪಾನಿನ ಪೂರ್ವಭಾಗದಲ್ಲಿ 50, ಪಶ್ಚಿಮದಲ್ಲಿ 60 ಹರ್ಟ್ಸ್ ಇರುವುದರಿಂದ ಅಲ್ಲಿನ ಯಂತ್ರಗಳು ಎರಡಕ್ಕೂ ಹೊಂದುತ್ತವೆ. ‘60 ಹರ್ಟ್ಸ್’ ಎಂದು ಮಾತ್ರ ಬರೆದಿರುವ ಅಮೆರಿಕದ ಟ್ರಾನ್ಸ್‌ಫಾರ್ಮರ್ ನಮ್ಮ 50ರಲ್ಲಿ ಹೆಚ್ಚು ಬಿಸಿಯಾಗುತ್ತದೆ, ಶುರುವಿನಲ್ಲಿ ಹೆಚ್ಚು ಕರೆಂಟ್ ಎಳೆಯುತ್ತದೆ. ಏನೂ ಕೆಡದಿದ್ದರೂ ಸ್ವಿಚ್ ಒತ್ತಿದಾಗ ಮಾತ್ರ ಒಮ್ಮೊಮ್ಮೆ ಫ್ಯೂಸ್ ಹೋಗುತ್ತಿದ್ದರೆ ಇದನ್ನು ನೆನಪಿಡಿ.

120 ವೋಲ್ಟಿನ ಯಂತ್ರವನ್ನು 230ರ ಟ್ಯಾಪಿಗೆ ಬದಲಾಯಿಸಿದಾಗ ಮೈನ್ ಫ್ಯೂಸ್ ಕೂಡ ಬದಲಾಗಬೇಕು. ಅಷ್ಟೇ ಶಕ್ತಿಗೆ ಈಗ ಅರ್ಧದಷ್ಟು ಕರೆಂಟ್ ಸಾಕಾದ್ದರಿಂದ, ಅಲ್ಲಿ 3 ಆಂಪ್ ಇದ್ದರೆ ಇಲ್ಲಿ ಸುಮಾರು 1.5 ಆಂಪ್. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯ ಫ್ಯೂಸುಗಳು ಮೊದಲಿನಂತೆಯೇ ಇರಲಿ.

ಇದೇ ಬದಲಾವಣೆಯಲ್ಲಿ ಮರೆತುಹೋಗುವ ಇನ್ನೊಂದು ಭಾಗ ವ್ಯಾರಿಸ್ಟರ್. ಮೈನ್ ತಂತಿಗಳ ನಡುವೆ ಬಿಲ್ಲೆಯ ಆಕಾರದಲ್ಲಿ ಕೂತಿರುವ ಇದು ಸಿಡಿಲಿನ ಹೊಡೆತವನ್ನು ತಾನು ತಿಂದು ಯಂತ್ರವನ್ನು ಉಳಿಸುತ್ತದೆ. ಅಮೆರಿಕದ ಯಂತ್ರದಲ್ಲಿ 120 ವೋಲ್ಟಿಗೆ ತಕ್ಕುದಿರುತ್ತದೆ, ಮೈಮೇಲೆ ‘201’ ಎಂಬಂಥ ಅಂಕಿ, ಅಂದರೆ 200 ವೋಲ್ಟ್. ನಮ್ಮ 230ರ ಶಿಖರ 325ಕ್ಕೆ ಮುಟ್ಟುವುದರಿಂದ ಅದು ಕ್ಷಣದಲ್ಲಿ ಶಾರ್ಟ್ ಆಗಿ ಫ್ಯೂಸನ್ನು ಹಾರಿಸುತ್ತದೆ. ನಮಗೆ ಬೇಕಾದ್ದು ‘471’ ಎಂದು ಬರೆದಿರುವುದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ನಂತರ ಸುಮ್ಮನಾದ ಯಂತ್ರದಲ್ಲಿ ಮೊದಲು ನೋಡಬೇಕಾದ್ದೂ ಇದನ್ನೇ. ಸೀಳಿದ್ದರೆ, ಕರಕಲಾಗಿದ್ದರೆ, ಮೀಟರಿನಲ್ಲಿ ಬೀಪ್ ಬಂದರೆ ಕಿತ್ತು ಹೊಸದು ಹಾಕಿ. ಅದಿಲ್ಲದೆ ಯಂತ್ರ ಓಡುತ್ತದೆ ಎಂದು ಖಾಲಿ ಬಿಡಬೇಡಿ, ಮುಂದಿನ ಸಿಡಿಲಿಗೆ ಅಡ್ಡ ನಿಲ್ಲುವವರು ಯಾರೂ ಇರುವುದಿಲ್ಲ.

ಗಾಜಿನೊಳಗೆ ನೋಡಿ

ಫ್ಯೂಸನ್ನು ಕ್ಲಿಪ್ಪಿನಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಗಾಜಿನ ಒಳಗೋಡೆಗೆ ಕಪ್ಪು ಮಸಿ ಅಥವಾ ಬೆಳ್ಳಿಯ ಹೊಳಪು ಬಳಿದಂತಿದ್ದರೆ ತಂತಿ ಆವಿಯಾಗಿ ಹೋಗಿದೆ. ಎಲ್ಲೋ ನೇರ ಶಾರ್ಟ್ ಇದೆ. ಇನ್ನೊಂದು ಫ್ಯೂಸ್ ಹಾಕಿ ನೋಡುವುದು ವ್ಯರ್ಥ. ಗಾಜು ಶುಭ್ರವಾಗಿದ್ದು ತಂತಿ ನಡುವೆ ಕೂದಲೆಳೆಯಷ್ಟು ಮಾತ್ರ ಬಿಟ್ಟುಕೊಂಡಿದ್ದರೆ ಅದು ನಿಧಾನವಾಗಿ ದಣಿದು ಹೋದದ್ದು, ಸ್ವಲ್ಪ ಹೆಚ್ಚಿನ ಕರೆಂಟನ್ನು ಬಹಳ ಕಾಲ ಹೊತ್ತದ್ದು ಅಥವಾ ಬರೀ ವಯಸ್ಸಾದದ್ದು. ತಂತಿ ನಡುವೆ ಸರಿಯಾಗಿದ್ದು ತುದಿಯ ಲೋಹದ ಟೊಪ್ಪಿಯ ಬಳಿ ಬೆಸುಗೆ ಕರಗಿ ಬಿಟ್ಟಿದ್ದರೆ ಶಾಖ ಹೊರಗಿನಿಂದ, ಅಂದರೆ ಕ್ಲಿಪ್ಪಿನಿಂದ ಬಂದಿದೆ.

ಕಣ್ಣಿಗೆ ಸರಿ ಕಂಡ ಫ್ಯೂಸನ್ನೂ ಮೀಟರಿನಲ್ಲಿ ಪರೀಕ್ಷಿಸಿ, ಅದೂ ಕ್ಲಿಪ್ಪಿನಿಂದ ಹೊರಗೆ ತೆಗೆದು. ಜಾಗದಲ್ಲೇ ಇಟ್ಟು ಅಳೆದರೆ ಟ್ರಾನ್ಸ್‌ಫಾರ್ಮರಿನ ಸುತ್ತಿನ ಮೂಲಕ ಬಳಸಿ ಬಂದ ದಾರಿಯೇ ಬೀಪ್ ಕೊಟ್ಟುಬಿಡಬಹುದು.

ಹೊಸದನ್ನು ತರುವಾಗ ಅಂಗಡಿಗೆ ಹಳೆಯದನ್ನೇ ಒಯ್ಯಿರಿ. ಅಮೆರಿಕದ ಯಂತ್ರಗಳಲ್ಲಿರುವುದು 6.3 ಮಿ.ಮೀ. ದಪ್ಪ, 32 ಮಿ.ಮೀ. ಉದ್ದದ್ದು; ನಮ್ಮ ರೇಡಿಯೊ, ಟಿವಿ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದು 5 ಮಿ.ಮೀ. ದಪ್ಪ, 20 ಮಿ.ಮೀ. ಉದ್ದದ್ದು. ಟೊಪ್ಪಿಯ ಮೇಲೆ ‘ಟಿ’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದು ತಡೆದು ಹೋಗುವ ಸ್ಲೋ ಬ್ಲೋ, ‘ಎಫ್’ ಇದ್ದರೆ ಕೂಡಲೇ ಹೋಗುವುದು. ಅಮೆರಿಕದ ಫ್ಯೂಸುಗಳಲ್ಲಿ ‘ಎಂಡಿಎಲ್’ ಸ್ಲೋ, ‘ಎಜಿಸಿ’ ಫಾಸ್ಟ್. ಟ್ರಾನ್ಸ್‌ಫಾರ್ಮರ್ ಇರುವ ಯಂತ್ರದ ಮೈನ್ ಫ್ಯೂಸ್ ಸಾಮಾನ್ಯವಾಗಿ ಸ್ಲೋ ಬ್ಲೋ. ಸ್ವಿಚ್ ಒತ್ತಿದ ಕ್ಷಣದ ನೂಕುಕರೆಂಟನ್ನು ಅದು ತಾಳಿಕೊಳ್ಳಬೇಕು. ಅಲ್ಲಿ ಫಾಸ್ಟ್ ಹಾಕಿದರೆ ಯಾವ ದೋಷವಿಲ್ಲದೆಯೂ ಹೋಗುತ್ತಲೇ ಇರುತ್ತದೆ, ನೀವು ಇಲ್ಲದ ಶಾರ್ಟನ್ನು ಹುಡುಕುತ್ತಾ ಕೂರುತ್ತೀರಿ. ಫ್ಯೂಸ್ ಜಾಗದ ಬಳಿಯ ಚೀಟಿಯಲ್ಲಿ ಬರೆದಿರುವುದೇ ಪ್ರಮಾಣ. ಕ್ಲಿಪ್ಪಿನಲ್ಲಿ ಸಿಕ್ಕಿದ್ದನ್ನು ಹಿಂದೆ ಯಾರೋ ಕೈಗೆ ಬಂದಂತೆ ಹಾಕಿರಬಹುದು.

ಕ್ಲಿಪ್ಪುಗಳು: ಉಪ್ಪುಗಾಳಿಯ ಮೊದಲ ಬಲಿ

ಹೊರದೇಶದ ಕೈಪಿಡಿಗಳು ಈ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ನಮ್ಮ ಕರಾವಳಿಯಲ್ಲಿ ಇದಕ್ಕೇ ಮೊದಲ ಗಮನ ಕೊಡಬೇಕು. ಕಾರವಾರದ ಬೈತಖೋಲದಲ್ಲಿ ದೋಣಿಯ ಎಂಜಿನ್ ನೋಡಿಕೊಳ್ಳುವ ಯಾರನ್ನಾದರೂ ಕೇಳಿ, ಲೋಹಕ್ಕೆ ಉಪ್ಪುಗಾಳಿ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಫ್ಯೂಸ್ ಕ್ಲಿಪ್ ತೆಳುವಾದ ಲೋಹದ ಪಟ್ಟಿ. ಹಿಡಿತದ ಬಲದಿಂದಲೇ ಕರೆಂಟ್ ದಾಟಿಸಬೇಕು. ಅದರ ಮೇಲೆ ಕಪ್ಪು ಅಥವಾ ಹಸಿರು ಪೊರೆ ಕಟ್ಟಿದಾಗ ಸಂಪರ್ಕ ಸಡಿಲವಾಗುತ್ತದೆ. ಅಲ್ಲಿ ಬರೀ 0.1 ಓಮ್ ತಡೆ ಹುಟ್ಟಿಕೊಂಡರೂ 5 ಆಂಪ್ ಹರಿಯುವಾಗ ಅರ್ಧ ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ, 2.5 ವಾಟ್ ಶಾಖವಾಗುತ್ತದೆ. ಅಷ್ಟು ಸಣ್ಣ ಜಾಗಕ್ಕೆ ಅದು ಹೆಚ್ಚು. ಕ್ಲಿಪ್ ಕಾದು ಬಿಗಿ ಕಳೆದುಕೊಳ್ಳುತ್ತದೆ, ಬಿಗಿ ಹೋದಂತೆ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದಂತೆ ಇನ್ನೂ ಕಾಯುತ್ತದೆ. ಕೊನೆಗೆ ಫ್ಯೂಸ್ ತುದಿಯ ಬೆಸುಗೆ ಕರಗಿ, ಯಾವ ಶಾರ್ಟೂ ಇಲ್ಲದೆ ಯಂತ್ರ ಸಾಯುತ್ತದೆ. ಕುಮಟಾದ ಆ ಯಂತ್ರದಲ್ಲಿ ಆಗಿದ್ದು ಇದೇ. ಐದು ಆಂಪಿನ ಫ್ಯೂಸಿನ ಮೇಲೆ ಯಾವ ಹೆಚ್ಚಿನ ಹೊರೆಯೂ ಇರಲಿಲ್ಲ. ಕ್ಲಿಪ್ಪಿನ ಒಂದು ಕಿವಿ ಕಂದುಬಣ್ಣಕ್ಕೆ ತಿರುಗಿ, ಬೆರಳಿನಿಂದ ಒತ್ತಿದರೆ ಹಿಂದಕ್ಕೆ ಬರದೆ ಹಾಗೆಯೇ ಉಳಿಯುತ್ತಿತ್ತು. ಅದರ ಕೆಳಗಿನ ಫ್ಯೂಸ್ ಫಲಕವೂ ಸುಟ್ಟ ಹಪ್ಪಳದ ಬಣ್ಣಕ್ಕೆ ಬಂದಿತ್ತು.

ಇಂಥ ಕ್ಲಿಪ್ಪನ್ನು ಕಟಿಂಗ್ ಪ್ಲೇಯರಿನಿಂದ ಅಮುಕಿ ಬಿಗಿಮಾಡುವವರಿದ್ದಾರೆ. ಕೆಲವು ವಾರ ನಡೆದೀತು, ಅಷ್ಟೇ. ಒಮ್ಮೆ ಕಾದು ಬಣ್ಣಗೆಟ್ಟ ಲೋಹಕ್ಕೆ ಸ್ಪ್ರಿಂಗಿನ ಗುಣ ಮರಳುವುದಿಲ್ಲ. ಕ್ಲಿಪ್ಪನ್ನೇ ಬದಲಿಸಿ. ಬಣ್ಣಗೆಡದೆ ಬರೀ ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ, ಪೊರೆ ಹೋಗದಿದ್ದರೆ ಅತಿ ನಯವಾದ ಮರಳುಕಾಗದ ಒಂದೆರಡು ಸಲ ಎಳೆಯಿರಿ. ಒರಟು ಕಾಗದ ಬೇಡ, ಲೇಪ ಕಿತ್ತುಹೋದರೆ ಮುಂದಿನ ಮಳೆಗಾಲಕ್ಕೇ ಮತ್ತೆ ಹಸಿರು. ಫಲಕದ ಹಿಂಬದಿ ತಿರುಗಿಸಿ, ಕ್ಲಿಪ್ಪಿನ ಕಾಲಿನ ಸುತ್ತ ಬೆಸುಗೆಯಲ್ಲಿ ಉಂಗುರದಂಥ ಬಿರುಕು ಇದೆಯೇ ನೋಡಿ. ಇದ್ದರೆ ಹಳೆಯ ಬೆಸುಗೆ ತೆಗೆದು ಹೊಸದಾಗಿ ಬೆಸೆಯಿರಿ.

ಶಿರಸಿ, ಸಿದ್ದಾಪುರ ಕಡೆ ಉಪ್ಪಿನ ಕಾಟವಿಲ್ಲ, ಅಲ್ಲಿ ತೇವ ಮತ್ತು ಬೂಷ್ಟು. ಗೋದಾಮಿನಲ್ಲಿಟ್ಟ ಯಂತ್ರವಾದರೆ ಇಲಿ ಕಡಿದ ತಂತಿ, ಗೂಡು ಕಟ್ಟಿದ ಇರುವೆ, ಎರಡು ತುದಿಗಳ ನಡುವೆ ಸಿಕ್ಕಿ ಸತ್ತ ಹಲ್ಲಿ, ಇವುಗಳಿಗಾಗಿ ಮೊದಲು ಟಾರ್ಚ್ ಹಾಕಿ ನೋಡಿ. ಮಳೆಗಾಲದಲ್ಲಿ ಫ್ಯೂಸ್ ಸರಿಯಿದ್ದೂ ಮನೆಯ ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಮಾತ್ರ ಬೀಳುತ್ತಿದ್ದರೆ ಅದು ತೇವದಿಂದ ಅರ್ಥ್ ತಂತಿಗೆ ಸೋರುತ್ತಿರುವ ಕರೆಂಟ್, ಶಾರ್ಟ್ ಅಲ್ಲ. ಮೈನ್ ಫಿಲ್ಟರನ್ನೂ ವೈರಿಂಗನ್ನೂ ಒಣಗಿಸಿ ನೋಡಿ.

ಸೀರೀಸ್ ಬಲ್ಬ್ ಹಾಕಿ, ಒಂದೊಂದಾಗಿ ಬೇರ್ಪಡಿಸಿ

ಹಳೆಯ ಟಿವಿ ಮೆಕ್ಯಾನಿಕ್‌ಗಳ ಮೇಜಿನ ಮೇಲೆ ಸೀರೀಸ್ ಬಲ್ಬಿನ ಹಲಗೆ ಒಂದು ಇದ್ದೇ ಇರುತ್ತಿತ್ತು. ಫೇಸ್ ತಂತಿಯ ನಡುವೆ 100 ವಾಟಿನ ಬಲ್ಬ್, ಅದರಾಚೆ ಒಂದು ಸಾಕೆಟ್, ಅಷ್ಟೇ. ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ, ತಂತಿ ಕಾದು ಉರಿಯುವ ಹಳೆಯ ಬಲ್ಬೇ ಬೇಕು. ಯಂತ್ರವನ್ನು ಇದರ ಮೂಲಕ ಹಾಕಿದರೆ ಒಳಗೆ ಶಾರ್ಟ್ ಇದ್ದಾಗ ಬಲ್ಬ್ ಪೂರ್ತಿ ಉರಿಯುತ್ತದೆ, ಫ್ಯೂಸ್ ಉಳಿಯುತ್ತದೆ. ಒಳಗೆ ಸರಿಯಿದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ. ಸ್ಟೆಪ್‌ಡೌನ್ ಇದ್ದರೆ ಬಲ್ಬ್ ಅದಕ್ಕೂ ಮೊದಲು, 230ರ ಬದಿಯಲ್ಲಿರಲಿ. ಬಲ್ಬಿನ ಮೂಲಕ ಯಂತ್ರ ಪೂರ್ತಿ ಓಡಲಿ ಎಂದು ನಿರೀಕ್ಷಿಸಬೇಡಿ.

ಈಗ ಕ್ರಮ ಹೀಗೆ. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯ ಎಲ್ಲ ಫ್ಯೂಸುಗಳನ್ನೂ ತೆಗೆದು, ಯಾವುದು ಎಲ್ಲಿಯದು ಎಂದು ಬರೆದಿಡಿ. ಮೈನ್ ಫ್ಯೂಸ್ ಮಾತ್ರ ಹಾಕಿ ಸ್ವಿಚ್ ಒತ್ತಿ. ಆಗಲೂ ಬಲ್ಬ್ ಪೂರ್ತಿ ಉರಿದರೆ ದೋಷ ಮೈನ್ ಬದಿಯಲ್ಲಿದೆ: ವ್ಯಾರಿಸ್ಟರ್, ಮೈನ್ ಫಿಲ್ಟರ್, ಹಿಂಬಾಗಿಲಿನ ಸುರಕ್ಷತಾ ಸ್ವಿಚ್, ತಲೆಫಲಕದ ಟ್ಯೂಬ್‌ಲೈಟಿನ ಚೋಕ್, ಅಥವಾ ಟ್ರಾನ್ಸ್‌ಫಾರ್ಮರ್ ತಾನೇ. ಒಂದೊಂದನ್ನೇ ಬಿಡಿಸುತ್ತಾ ಹೋಗಿ. ಟ್ರಾನ್ಸ್‌ಫಾರ್ಮರಿನ ಮೇಲೆ ಅನುಮಾನ ಕೊನೆಗಿರಲಿ. ಅದು ಅಷ್ಟು ಸುಲಭಕ್ಕೆ ಹೋಗುವ ವಸ್ತುವಲ್ಲ. ಎಲ್ಲ ಹೊರೆ ಬಿಡಿಸಿದ ಮೇಲೂ ಬಲ್ಬ್ ಉರಿದು, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ, ವಾರ್ನಿಷಿನ ಕಮಟು ವಾಸನೆ ಬಂದರೆ ಮಾತ್ರ ಅದು ಹೋಗಿದೆ ಎಂದು ತಿಳಿಯಿರಿ.

ಬಲ್ಬ್ ಮಂಕಾದರೆ, ಪ್ರತಿ ಸಲ ಪ್ಲಗ್ ಕಿತ್ತು, ಆಚೆ ಬದಿಯ ಫ್ಯೂಸುಗಳನ್ನು ಒಂದೊಂದಾಗಿ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಬಲ್ಬ್ ಬೆಳಗುತ್ತದೋ ಆ ದಾರಿಯಲ್ಲಿದೆ ಶಾರ್ಟ್. ಕಡಿಮೆ ವೋಲ್ಟಿನ ಆ ಸಾಲಿನಲ್ಲಿ ಮುಂದೆ ಹುಡುಕುವಾಗ ಫ್ಯೂಸಿನ ಬದಲು ಅದರ ಎರಡು ಕ್ಲಿಪ್ಪುಗಳ ನಡುವೆ ವಾಹನದ 12 ವೋಲ್ಟ್, 21 ವಾಟಿನ ಇಂಡಿಕೇಟರ್ ಬಲ್ಬ್ ಕಟ್ಟಿಕೊಳ್ಳಿ. ಶಾರ್ಟ್ ಇರುವವರೆಗೆ ಅದು ಉರಿಯುತ್ತದೆ, ದೋಷದ ಭಾಗ ಬಿಡಿಸಿದ ಕೂಡಲೇ ಆರುತ್ತದೆ ಅಥವಾ ಮಂಕಾಗುತ್ತದೆ. ಒಂದು ಫ್ಯೂಸೂ ಖರ್ಚಾಗುವುದಿಲ್ಲ. ಇದು ಕಡಿಮೆ ವೋಲ್ಟಿನ ಸಾಲುಗಳಿಗೆ ಮಾತ್ರ; ಮೈನ್ ಬದಿಗೂ ಮಾನಿಟರಿನ ಸಾಲಿಗೂ ಕಟ್ಟಬೇಡಿ.

ಬ್ರಿಜ್, ಕೆಪಾಸಿಟರ್, ರೆಗ್ಯುಲೇಟರ್

5 ವೋಲ್ಟಿನ ಸಾಲಿನ ಫ್ಯೂಸ್ ಹೋಗಿದ್ದರೆ ನನ್ನ ಮೊದಲ ಅನುಮಾನ ಎಸಿಯನ್ನು ಡಿಸಿ ಮಾಡುವ ಬ್ರಿಜ್ ರೆಕ್ಟಿಫೈಯರ್ ಮೇಲೆ. ಎಲ್ಲರೂ ಕೆಪಾಸಿಟರಿಗೆ ಬೈಯುತ್ತಾರೆ. ಆದರೆ ಮುದಿಯಾದ ಕೆಪಾಸಿಟರ್ ಹೆಚ್ಚಾಗಿ ಪರದೆಯ ಮೇಲೆ ಪಟ್ಟಿ ಓಡಿಸುತ್ತದೆ, ಸ್ಪೀಕರಿನಲ್ಲಿ ಗುಂಯ್ ಎನ್ನಿಸುತ್ತದೆ, ಫ್ಯೂಸನ್ನು ಹಾರಿಸುವುದು ಅಪರೂಪ. ಬ್ರಿಜ್ಜಿನ ನಾಲ್ಕು ಡಯೋಡುಗಳಲ್ಲಿ ಒಂದು ಶಾರ್ಟಾದರೂ ಫ್ಯೂಸ್ ಆ ಕ್ಷಣವೇ ಹೋಗುತ್ತದೆ.

ಬ್ರಿಜ್ಜಿನ ತಂತಿ ಬಿಡಿಸಿ ಮೀಟರನ್ನು ಡಯೋಡ್ ಗುರುತಿಗೆ ತನ್ನಿ. ಕೆಂಪು ಕಡ್ಡಿಯನ್ನು ಮೈನಸ್ ಕಾಲಿಗೆ ಇಟ್ಟು, ಕಪ್ಪನ್ನು ಎರಡು ಎಸಿ ಕಾಲುಗಳಿಗೆ ಒಂದೊಂದಾಗಿ ಮುಟ್ಟಿಸಿ: ಎರಡರಲ್ಲೂ 0.5 ಸುತ್ತಮುತ್ತ ಬರಬೇಕು. ಆಮೇಲೆ ಕಪ್ಪನ್ನು ಪ್ಲಸ್ ಕಾಲಿಗೆ ಇಟ್ಟು, ಕೆಂಪನ್ನು ಎಸಿ ಕಾಲುಗಳಿಗೆ ಮುಟ್ಟಿಸಿ: ಮತ್ತೆ ಅಷ್ಟೇ. ಕಡ್ಡಿ ಅದಲುಬದಲು ಮಾಡಿದಾಗ ನಾಲ್ಕರಲ್ಲೂ ಏನೂ ಬರಬಾರದು. ಎಲ್ಲಿಯಾದರೂ ಎರಡೂ ದಿಕ್ಕಿನಲ್ಲಿ ಸೊನ್ನೆ ಬಂದರೆ ಅದು ಶಾರ್ಟ್. ಬದಲಿಗೆ ಕೆಬಿಪಿಸಿ3510 ಸುಲಭಕ್ಕೆ ಸಿಗುತ್ತದೆ. 35 ಆಂಪ್, 1000 ವೋಲ್ಟ್, ಬೇಕಾದ್ದಕ್ಕಿಂತ ಧಾರಾಳ. ಕೆಳಗೆ ಹೀಟ್‌ಸಿಂಕ್ ಪೇಸ್ಟ್ ಬಳಿದು, ತುಕ್ಕು ಕೆರೆದು ನಯ ಮಾಡಿದ ತಗಡಿಗೆ ಬಿಗಿಯಾಗಿ ಕೂರಿಸಿ.

ಕೆಪಾಸಿಟರನ್ನು ಪರೀಕ್ಷಿಸದೆ ಬಿಡಬೇಕೆಂದಲ್ಲ. ಖಾಲಿ ಮಾಡಿ, ತಂತಿ ಬಿಡಿಸಿ, ಓಮ್ ಅಳೆಯಿರಿ. ಅಂಕಿ ಸೊನ್ನೆಯಿಂದ ಮೇಲೇರುತ್ತಾ ಹೋದರೆ ಶಾರ್ಟ್ ಇಲ್ಲ, ಸೊನ್ನೆಯಲ್ಲೇ ನಿಂತರೆ ಇದೆ. ಅಮೆರಿಕದ ಅಟಾರಿ ಕಂಪನಿಯ ಯಂತ್ರಗಳ ನೀಲಿ ಬಣ್ಣದ ದೊಡ್ಡ ಡಬ್ಬಿಗೆ ‘ಬಿಗ್ ಬ್ಲೂ’ ಎಂಬ ಹೆಸರೇ ಬಿದ್ದಿದೆ. ಹೊಸದು ಹಾಕುವಾಗ ಮೈಕ್ರೊಫ್ಯಾರಡ್ ಹಿಂದಿನಷ್ಟೇ, ವೋಲ್ಟ್ ಹಿಂದಿನಷ್ಟು ಅಥವಾ ಹೆಚ್ಚು, ಶಾಖದ ಮಿತಿ 85 ಡಿಗ್ರಿಯದ್ದರ ಬದಲು 105 ಡಿಗ್ರಿಯದ್ದು ಇರಲಿ. ಪ್ಲಸ್ ಮೈನಸ್ ತಿರುಗಿಸಿ ಹಾಕಿದರೆ ಸಿಡಿಯುತ್ತದೆ.

ಮುಂದಿನದು ವೋಲ್ಟೇಜನ್ನು ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರ್ ಫಲಕ. ಲೋಹದ ಮೈಯ 2ಎನ್3055ರಂಥ ಟ್ರಾನ್ಸಿಸ್ಟರಿನ ಮೈಯೇ ಅದರ ಕಲೆಕ್ಟರ್. ಹೀಟ್‌ಸಿಂಕಿಗೂ ಅದಕ್ಕೂ ನಡುವೆ ತೆಳು ಅಭ್ರಕದ ಹಾಳೆ ಇರುತ್ತದೆ. ಆ ಹಾಳೆ ಸೀಳಿದರೆ, ತುಕ್ಕಿನ ಹುಡಿ ಸ್ಕ್ರೂವಿನ ಸುತ್ತ ಸೇತುವೆ ಕಟ್ಟಿದರೆ, ಟ್ರಾನ್ಸಿಸ್ಟರ್ ಸರಿಯಿದ್ದೂ ಶಾರ್ಟ್ ಕಾಣುತ್ತದೆ. ಬಿಚ್ಚಿ ಹಾಳೆ ಬದಲಿಸಿ.

ಇಲ್ಲಿ ಹಲವರು ದಾರಿ ತಪ್ಪುವ ತಿರುವೊಂದಿದೆ. ಕೆಲವು ಪವರ್ ಫಲಕಗಳಲ್ಲಿ 5 ವೋಲ್ಟ್ ಮಿತಿ ಮೀರಿದರೆ ಥೈರಿಸ್ಟರೊಂದು ಬೇಕೆಂದೇ ಸಾಲನ್ನು ಶಾರ್ಟ್ ಮಾಡಿ ಫ್ಯೂಸನ್ನು ಹಾರಿಸುತ್ತದೆ, ಗೇಮ್ ಬೋರ್ಡಿನ ಚಿಪ್‌ಗಳು ಉಳಿಯಲಿ ಎಂದು. ಅಂಥ ಯಂತ್ರದಲ್ಲಿ ಮೀಟರಿಗೆ ಎಲ್ಲಿಯೂ ಶಾರ್ಟ್ ಸಿಗುವುದಿಲ್ಲ, ಫ್ಯೂಸ್ ಮಾತ್ರ ಹೋಗುತ್ತಿರುತ್ತದೆ. ಆಗ ಗೇಮ್ ಬೋರ್ಡ್ ಬಿಡಿಸಿ, ರೆಗ್ಯುಲೇಟರ್ ಎಷ್ಟು ವೋಲ್ಟ್ ಕೊಡುತ್ತಿದೆ ಎಂದು ಹುಡುಕಬೇಕು. ಥೈರಿಸ್ಟರನ್ನು ಕಿತ್ತು ಓಡಿಸಿದರೆ ಬೋರ್ಡು ಹೋಗುತ್ತದೆ, ಅದಕ್ಕೆ ಬದಲಿ ಸಿಗುವುದಿಲ್ಲ.

ಗೇಮ್ ಬೋರ್ಡ್ ಹಾಕಿದಾಗ ಮಾತ್ರ ಫ್ಯೂಸ್ ಹೋಗುತ್ತಿದ್ದರೆ, ಬೋರ್ಡನ್ನು ಹೊರತೆಗೆದು 5 ವೋಲ್ಟ್ ಮತ್ತು ಗ್ರೌಂಡ್ ಪಿನ್‌ಗಳ ನಡುವೆ ಓಮ್ ಅಳೆಯಿರಿ. ಒಂದು ಓಮಿಗಿಂತ ಕಡಿಮೆ ಇದ್ದರೆ ಬೋರ್ಡಿನಲ್ಲೇ ಶಾರ್ಟ್ ಇದೆ. 12 ವೋಲ್ಟಿನ ಹಾಗೂ ಮೈನಸ್ 5 ವೋಲ್ಟಿನ ಸಾಲುಗಳನ್ನೂ ಹೀಗೆಯೇ ನೋಡಿ. ಹನಿಯಾಕಾರದ ಟ್ಯಾಂಟಲಂ ಕೆಪಾಸಿಟರುಗಳು ಇಲ್ಲಿ ಮೊದಲ ಆರೋಪಿಗಳು. 1980ರ ದಶಕದ ಮಧ್ಯದಲ್ಲಿ ಬಂದ, ಬೇರೆ ಬೇರೆ ಬೋರ್ಡುಗಳನ್ನು ಒಂದೇ ಯಂತ್ರಕ್ಕೆ ಹಾಕಲು ಬರುವ ಜಮ್ಮಾ ಮಾದರಿಯ 56 ಪಿನ್ ಕನೆಕ್ಟರ್ ಇರುವ ಯಂತ್ರವಾದರೆ ಕನೆಕ್ಟರ್ ತಿರುಗಾಮುರುಗಾ ಹೋಗಿಲ್ಲ ಎಂದು ಖಚಿತಪಡಿಸಿಕೊಳ್ಳಿ. ತಪ್ಪದಂತೆ ತಡೆಯುವ ಪ್ಲಾಸ್ಟಿಕ್ ಬಿಲ್ಲೆ ಹಳೆಯ ಕನೆಕ್ಟರುಗಳಲ್ಲಿ ಉದುರಿಹೋಗಿರುತ್ತದೆ.

ಮಾನಿಟರಿನ ಫ್ಯೂಸ್

ಮಾನಿಟರ್ ಚಾಸಿಯ ಫ್ಯೂಸ್ ಹೋಗಿದ್ದರೆ ಮೊದಲು ಟ್ಯೂಬಿನ ಸುತ್ತ ಹೋಗಿರುವ, ಪರದೆಯ ಕಾಂತತ್ವ ತೆಗೆಯುವ ಡಿಗಾಸಿಂಗ್ ಕಾಯಿಲ್‌ನ ಪ್ಲಗ್ ಕಿತ್ತು ನೋಡಿ. ಫ್ಯೂಸ್ ನಿಂತರೆ ಆ ಕಾಯಿಲ್‌ನ ಕರೆಂಟನ್ನು ಕೆಲವೇ ಕ್ಷಣದಲ್ಲಿ ತಗ್ಗಿಸುವ ಪಾಸಿಸ್ಟರ್ ಹೋಗಿದೆ. ಬದಲಿಸಿದರೆ ಕೆಲಸ ಮುಗಿಯಿತು. ನಿಲ್ಲದಿದ್ದರೆ ಚಾಸಿಯ ನಾಲ್ಕು ಡಯೋಡುಗಳು, ಆಮೇಲೆ ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್. ಅದರ ಕಲೆಕ್ಟರ್–ಎಮಿಟರ್ ನಡುವೆ ಒಂದು ದಿಕ್ಕಿನಲ್ಲಿ 0.5 ತೋರಿದರೆ ಗಾಬರಿ ಬೇಡ, ಒಳಗೇ ಡಯೋಡ್ ಇರುವ ಮಾದರಿಗಳಿವೆ. ಎರಡೂ ದಿಕ್ಕಿನಲ್ಲಿ ಸೊನ್ನೆ ಬಂದರೆ ಮಾತ್ರ ಹೋಗಿದೆ ಎಂದರ್ಥ. ಹೊಸ ಟ್ರಾನ್ಸಿಸ್ಟರ್ ಹಾಕಿ ಅದೂ ಹೋದರೆ ದೋಷ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರಿನಲ್ಲಿ (ಇಎಚ್‌ಟಿ) ಅಥವಾ ಅದರ ಪಕ್ಕದ ಹೈ ವೋಲ್ಟೇಜ್ ಕೆಪಾಸಿಟರುಗಳಲ್ಲಿದೆ.

ಈ ಹಂತದಿಂದ ಮುಂದೆ ಅನುಭವವಿಲ್ಲದವರು ಒಬ್ಬರೇ ಹೋಗಬೇಡಿ. ಶಿರಸಿ, ಕುಮಟಾ, ಅಂಕೋಲಾ, ಯಾವ ಪೇಟೆಯಲ್ಲಾದರೂ ಹಿಂದೆ ಪಿಕ್ಚರ್ ಟ್ಯೂಬ್ ಟಿವಿ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಒಬ್ಬರಾದರೂ ಸಿಗುತ್ತಾರೆ. ಆರ್ಕೇಡ್ ಮಾನಿಟರ್ ಅವರಿಗೆ ಹೊಸದೇನೂ ಅಲ್ಲ, ಟ್ಯೂನರ್ ಇಲ್ಲದ ಟಿವಿ. ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿ, ಕೇಳಿ ಬರೆದುಕೊಳ್ಳಿ. ಆ ವಿದ್ಯೆ ಗೊತ್ತಿರುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಎಸ್‌ಎಂಪಿಎಸ್ ಇದ್ದರೆ

ತೊಂಬತ್ತರ ದಶಕದ ಯಂತ್ರಗಳಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಬದಲು ತೂತುತಗಡಿನ ಪೆಟ್ಟಿಗೆಯ ಎಸ್‌ಎಂಪಿಎಸ್ ಇರುತ್ತದೆ. ಅದರ ಪಕ್ಕದಲ್ಲೋ ಒಳಗೋ 115/230 ಎಂಬ ಸಣ್ಣ ಜಾರುಸ್ವಿಚ್ ಇದೆಯೇ ನೋಡಿ. ಅದು 115ರಲ್ಲಿ ಉಳಿದಿದ್ದು ನಮ್ಮ 230 ಕೊಟ್ಟರೆ, ಒಳಗಿನ ವೋಲ್ಟೇಜ್ ಇಮ್ಮಡಿ ಮಾಡುವ ಜೋಡಣೆ 650 ವೋಲ್ಟಿನತ್ತ ಏರಿಸುತ್ತದೆ. ಜೋಡಿ ಕೆಪಾಸಿಟರುಗಳು ಸಾಮಾನ್ಯವಾಗಿ ತಲಾ 200 ವೋಲ್ಟಿನವು. ಭಾರೀ ಸದ್ದು, ಬಿಳಿ ಹೊಗೆ, ಫ್ಯೂಸ್ ಕಪ್ಪು. ಯಂತ್ರ ಕೊಂಡು ತಂದ ದಿನವೇ ಈ ಸ್ವಿಚ್ಚನ್ನು 230ಕ್ಕೆ ಸರಿಸಿ, ಮೇಲೆ ಟೇಪ್ ಅಂಟಿಸಿಬಿಡಿ. ಒಳಗಿನ ಫ್ಯೂಸ್ ಕಪ್ಪಾಗಿ ಹೋಗಿದ್ದರೆ ಸಾಮಾನ್ಯವಾಗಿ ಬ್ರಿಜ್ಜೋ ಸ್ವಿಚಿಂಗ್ ಟ್ರಾನ್ಸಿಸ್ಟರೋ ಜತೆಗೆ ಹೋಗಿರುತ್ತದೆ. ಇದನ್ನು ರಿಪೇರಿ ಮಾಡುವ ಹಟ ಬೇಡ. ಅಷ್ಟೇ ಆಂಪಿನ, ಮೈನಸ್ 5 ವೋಲ್ಟ್ ಬೇಕಿದ್ದರೆ ಅದೂ ಇರುವ ಹೊಸ ಎಸ್‌ಎಂಪಿಎಸ್ ಹಾಕಿ.

ಆಗಾಗ ಮಾತ್ರ ಹೋಗುವ ಫ್ಯೂಸ್

ಗಂಟೆಗಟ್ಟಲೆ ಸರಿಯಾಗಿ ಓಡಿ, ಮಕ್ಕಳು ಜೋರಾಗಿ ಗುಂಡಿ ಬಡಿದಾಗ ಅಥವಾ ನಾಣ್ಯದ ಬಾಗಿಲು ತೆರೆದಾಗ ಮಾತ್ರ ಹೋಗುವ ಫ್ಯೂಸ್ ಎಲ್ಲಕ್ಕಿಂತ ಕಾಡುವಂಥದ್ದು. ನಾಣ್ಯದ ಬಾಗಿಲಿನ ಸಣ್ಣ ದೀಪಗಳಿಗೆ ಹೋಗುವ ತಂತಿಗಳನ್ನು ಕೀಲಿನ ಬಳಿ ನೋಡಿ. ಸಾವಿರಾರು ಸಲ ಮಡಿಸಿ ಬಿಡಿಸಿದ ಆ ಜಾಗದಲ್ಲಿ ಹೊದಿಕೆ ಸವೆದು ತಾಮ್ರ ಬಾಗಿಲಿನ ತಗಡಿಗೆ ತಾಗುತ್ತದೆ. ಬಾಗಿಲು ಪೂರ್ತಿ ತೆರೆದಾಗ ತಾಗದೆ, ಮುಚ್ಚುವಾಗ ನಡುವೆ ಒಂದು ಕೋನದಲ್ಲಿ ಮಾತ್ರ ತಾಗುವುದೂ ಉಂಟು. ಪ್ಲಗ್ ಕಿತ್ತು, ಮೀಟರಿನ ಒಂದು ಕಡ್ಡಿಯನ್ನು ಆ ಸಾಲಿನ ಫ್ಯೂಸ್ ಕ್ಲಿಪ್ಪಿನ ಹೊರೆಯ ಬದಿಗೆ, ಇನ್ನೊಂದನ್ನು ಬಾಗಿಲಿನ ತಗಡಿಗೆ ಸಿಕ್ಕಿಸಿ, ಬಾಗಿಲನ್ನು ಮೆಲ್ಲಗೆ ಆಡಿಸಿ. ಓದು ಎಲ್ಲಿ ತಟ್ಟನೆ ಸೊನ್ನೆಗೆ ಬೀಳುತ್ತದೋ ಅಲ್ಲೇ ಇದೆ. ಟೇಪ್ ಸುತ್ತುವುದು ಬೇಡ, ನಮ್ಮ ಸೆಕೆಗೆ ಅದರ ಅಂಟು ಕರಗಿ ಜಾರುತ್ತದೆ. ತಂತಿ ಬದಲಿಸಿ, ಕೀಲಿನ ಬಳಿ ಸ್ವಲ್ಪ ಸಡಿಲ ಬಿಟ್ಟು ಕ್ಲಿಪ್ ಹಾಕಿ.

ಓಡಿಸಿ ನೋಡುವಾಗ

ದೋಷ ತೆಗೆದ ಮೇಲೆ ಮೊದಲು ಗೇಮ್ ಬೋರ್ಡ್ ಇಲ್ಲದೆ ಎಲ್ಲ ಸಾಲುಗಳ ವೋಲ್ಟೇಜ್ ಅಳೆಯಿರಿ. ಕೆಲವು ಎಸ್‌ಎಂಪಿಎಸ್‌ಗಳು ಹೊರೆಯಿಲ್ಲದೆ ಸರಿಯಾಗಿ ಏಳುವುದಿಲ್ಲ, ಅವಕ್ಕೆ 5 ವೋಲ್ಟಿನ ಸಾಲಿನಲ್ಲಿ ಮೊದಲು ಹೇಳಿದ ವಾಹನದ ಬಲ್ಬನ್ನೇ ಹೊರೆಯಾಗಿ ಕಟ್ಟಿ. ಆಮೇಲೆ ಬೋರ್ಡ್ ಹಾಕಿ, 5 ವೋಲ್ಟನ್ನು ಬೋರ್ಡಿನ ಮೇಲೆಯೇ ಅಳೆದು 4.9ರಿಂದ 5.1ರ ನಡುವೆ ತನ್ನಿ. ಒಂದು ಗಂಟೆ ಓಡಲಿ. ಪ್ಲಗ್ ಕಿತ್ತು, ಮೀಟರಿನಲ್ಲಿ ಸೊನ್ನೆ ಬಂದದ್ದನ್ನು ನೋಡಿಕೊಂಡು, ತಣಿಯುವ ಮೊದಲೇ ಫ್ಯೂಸುಗಳನ್ನು ಬೆರಳಿನಿಂದ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಸರಿ, ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಆ ಕ್ಲಿಪ್ ಇನ್ನೂ ಸರಿಯಾಗಿಲ್ಲ.

ಪ್ರತಿ ಫ್ಯೂಸಿನ ಆಂಪ್, ಸ್ಲೋ ಅಥವಾ ಫಾಸ್ಟ್, ಟ್ರಾನ್ಸ್‌ಫಾರ್ಮರಿನ ಟ್ಯಾಪ್, ಬದಲಿಸಿದ ದಿನಾಂಕ, ಇಷ್ಟನ್ನು ಕಾಗದದಲ್ಲಿ ಬರೆದು ಹಿಂಬಾಗಿಲಿನ ಒಳಬದಿಗೆ ಅಂಟಿಸಿ, ಪಕ್ಕದಲ್ಲಿ ಅದೇ ಅಳತೆಯ ಎರಡೆರಡು ಹೊಸ ಫ್ಯೂಸುಗಳನ್ನು ಸಣ್ಣ ಪೊಟ್ಟಣದಲ್ಲಿ ತೂಗಿಹಾಕಿ. ಸರಿಯಾದ ಫ್ಯೂಸ್ ಕೈಗೆ ಸಿಕ್ಕುವಂತಿದ್ದರೆ ಯಾರೂ ತಂತಿ ಸುತ್ತುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಜಾತ್ರೆಯಂಥ ಕಡೆಗೆ ಯಂತ್ರ ಸಾಗಿಸುವವರು ಲಾರಿಯಿಂದ ಇಳಿಸಿದ ಮೇಲೆ ಕ್ಲಿಪ್ಪುಗಳನ್ನೂ ಕನೆಕ್ಟರನ್ನೂ ಒಮ್ಮೆ ಒತ್ತಿ ನೋಡಿ, ತಾತ್ಕಾಲಿಕ ಲೈನಿನ ವೋಲ್ಟೇಜನ್ನು ಸಂಜೆ ಎಲ್ಲ ಅಂಗಡಿಗಳ ದೀಪ ಹತ್ತಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಮಳೆಗಾಲ ಪೂರ್ತಿ ಮುಚ್ಚಿಡುವ ಯಂತ್ರವನ್ನು ನೆಲದಿಂದ ಎರಡು ಇಟ್ಟಿಗೆ ಎತ್ತರಕ್ಕೆ ಏರಿಸಿ, ಹಿಂಬದಿಗೂ ಗೋಡೆಗೂ ಒಂದು ಗೇಣು ಜಾಗ ಬಿಟ್ಟು, ಪ್ಲಗ್ ಕಿತ್ತಿಡಿ. ಅಕ್ಟೋಬರಿನಲ್ಲಿ ಮತ್ತೆ ಹಾಕುವ ಮೊದಲ ಸಲ ಸೀರೀಸ್ ಬಲ್ಬಿನ ಮೂಲಕವೇ ಹಾಕಿ.